ಬಲ್ಬು ಹತ್ತಿದ ಮೇಲೆ

ಕುಣಿಗಲ್, 1981

ಮಾರ್ಚ್ 29, ಭಾನುವಾರ

ಇವತ್ತು ಈ ವರ್ಷದ ಮೊದಲ ಗುಡುಗು. ಮಧ್ಯಾಹ್ನದವರೆಗೂ ಹೆಂಚು ಕಾದು ಮನೆಯೊಳಗೆ ಕೂರುವ ಹಾಗಿರಲಿಲ್ಲ. ಆಮೇಲೆ ಕೆರೆಯ ಆಚೆ ದಡದಲ್ಲಿ ಮೋಡ ಎದ್ದಿತು, ನೋಡನೋಡುತ್ತಿದ್ದಂತೆ ಕೆರೆ ನೀರೆಲ್ಲ ಕಪ್ಪಾಯಿತು. ಗಾಳಿ ಏರಿಯ ಮೇಲಿನ ಧೂಳನ್ನೆಲ್ಲ ಹೊತ್ತು ತಂದು ನಮ್ಮ ಕ್ವಾರ್ಟರ್ಸಿಗೆ ಸುರಿಯಿತು. ಒಣಗಿದ ಬಟ್ಟೆ ಎಳೆದುಕೊಂಡು ಒಳಗೆ ಬರುವಷ್ಟರಲ್ಲಿ ಸಿಡಿಲು, ಕರೆಂಟು ಹೋಯಿತು.

ಪಕ್ಕದ ಮನೆಯ ರಹಿಮಾ ಬೀ ನಗುತ್ತಾ ಓಡಿಬಂದಳು. ಅವಳ ಗಂಡ ಮುಖ್ತಾರ್ ಅಹಮದ್ ಮೀಟರ್ ರೀಡರ್, ಒಳ್ಳೆಯ ಮನುಷ್ಯ, ಆದರೆ ಗುಡುಗಿದರೆ ಮುಗಿಯಿತು.

"ನೋಡ್ ಬನ್ನಿ ಲಕ್ಷ್ಮಮ್ಮ, ನಮ್ಮ ಸಾಹೇಬ್ರು ರಗ್ಗು ಹೊದ್ಕೊಂಡು ಮಂಚದ್ ಕೆಳಗೆ ಸೇರ್ಕೊಂಡವ್ರೆ. ಈ ಸೆಖೇಲಿ!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಮ್ಮವರನ್ನ ನೋಡಿ ಕಲೀಲಿ ಬಿಡಿ. ಸಿಡಿಲು ಹೊಡೆದ್ರೆ ಇವರು ಹೊರಗೆ ಹೊರಡ್ತಾರೆ. ಭಯ ಅನ್ನೋದು ಇವರ ಜಾತಕದಲ್ಲೇ ಇಲ್ಲ" ಅಂದೆ.

ಇವರು ಬಾಗಿಲಲ್ಲಿ ನಿಂತು ಕಂಬ ಹತ್ತುವ ಬೆಲ್ಟು ಕಟ್ಟಿಕೊಳ್ಳುತ್ತಿದ್ದರು. ನನ್ನ ಮಾತು ಅವರಿಗೂ ಕೇಳಿಸಿತು. ಬಕಲ್ಲು ಎರಡು ಮೂರು ಸಲ ತಪ್ಪಿತು. ಕಣ್ಣಿಗೆ ಧೂಳು ಬಿದ್ದಿರಬೇಕು. ಹೆಲ್ಪರ್ ಹೊನ್ನಯ್ಯ ಸೈಕಲ್ಲು ಹಿಡಿದು ಕಾಯುತ್ತಿದ್ದ. ಇಬ್ಬರೂ ಏರಿಯ ಕಡೆಗೆ ಹೋದರು.

ಈ ಡೈರಿ ಇವರ ಕರೆಂಟ್ ಆಫೀಸಿನಿಂದ ಬಂದದ್ದು. ಇವರಿಗೆ ಬರೆಯುವ ಅಭ್ಯಾಸವಿಲ್ಲ, ನನಗಿದೆ. ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಬರೆಯುತ್ತೇನೆ. ಕರೆಂಟು ಹೋದರೆ ಎಲ್ಲರೂ ಸ್ವಿಚ್ಚು ಆರಿಸುತ್ತಾರೆ, ನಾನು ಆರಿಸುವುದಿಲ್ಲ. ಇವರು ಕರೆಂಟ್ ಸ್ಟೇಷನ್ನಿನಲ್ಲಿ ಚೀಟಿ ಬರೆಸಿ, ಲೈನು ಬಂದ್ ಮಾಡಿಸಿ ಕಂಬ ಹತ್ತುತ್ತಾರೆ. ಇಳಿದ ಮೇಲೆ ಚೀಟಿಗೆ ಸಹಿ ಹಾಕಿ ಹೊನ್ನಯ್ಯನ ಕೈಯಲ್ಲಿ ವಾಪಸ್ಸು ಕಳಿಸುತ್ತಾರೆ. ಅದು ಮುಟ್ಟಿದ ಮೇಲೇ ಲೈನು ಬಿಡುವುದು. ನಮ್ಮ ಮನೆಗೂ ಅದೇ ಲೈನು. ನಡುಮನೆಯ ಬಲ್ಬು ಹತ್ತಿತು ಅಂದರೆ ನನ್ನ ಗಂಡನ ಕಾಲು ನೆಲದ ಮೇಲಿದೆ ಅಂತ ಅರ್ಥ. ಮದುವೆಯಾಗಿ ಕುಣಿಗಲ್ಲಿಗೆ ಬಂದಾಗಿನಿಂದ ನಾನು ಬಲ್ಬಿಗೆ ಕೈ ಮುಗಿಯುವುದು ಅದಕ್ಕೇ. ಜನ ದೀಪಕ್ಕೆ ಮುಗಿಯುತ್ತಾಳೆ ಅಂದುಕೊಳ್ಳುತ್ತಾರೆ.

ಇವತ್ತು ಬಲ್ಬು ಹತ್ತಿದ ಕೂಡಲೇ ಅನ್ನಕ್ಕಿಟ್ಟೆ. ಅನ್ನ ಆಗಿ, ಆರಿ, ಗಟ್ಟಿಯಾಯಿತು. ಆಮೇಲೆ ಬಂದರು. "ಲೈನು ನಿಲ್ಲುತ್ತಾ ಇಲ್ವಾ ನೋಡ್ಕಂಡು ಬರ್ಬೇಕಲ್ಲ" ಅಂದರು. ಸರಿ.

ಏಪ್ರಿಲ್ 7, ಮಂಗಳವಾರ

ಯುಗಾದಿ ಕಳೆಯಿತು. ಮಗಳನ್ನು ರಜಕ್ಕೆ ಅಂತ ನಿಟ್ಟೂರಿಗೆ, ನಮ್ಮಮ್ಮನ ಮನೆಗೆ ಕಳಿಸಿದ್ದಾಯಿತು. ಮನೆ ಬಿಕೋ ಅನ್ನುತ್ತಿದೆ.

ಇವತ್ತೂ ಸಂಜೆ ಗಾಳಿ ಮಳೆ. ಏರಿಯ ಮೇಲೆ ಹುಣಸೆ ಕೊಂಬೆ ತಂತಿಯ ಮೇಲೆ ಬಿತ್ತಂತೆ. ಮಳೆ ಸಣ್ಣಗಾದ ಕೂಡಲೇ ಇವರು ಹೊರಟರು, ಮೋಡ ಇನ್ನೂ ತಲೆಯ ಮೇಲೇ ಇತ್ತು. ಬಲ್ಬು ಹತ್ತಿತು. ಕೈ ಮುಗಿದೆ. ಕಾದೆ. ಏರಿಯಿಂದ ನಮ್ಮ ಮನೆಗೆ ಸೈಕಲ್ಲಿಗೆ ಎಷ್ಟು ಹೊತ್ತು? ನಾನು ಸೊಪ್ಪು ಸೋಸಿ, ಸಾರು ಮಾಡಿ, ಪಾತ್ರೆ ತೊಳೆದು ಕೂತರೂ ಬರಲಿಲ್ಲ.

ಬಂದಾಗ ಊಟಕ್ಕೆ ನೀರು ಕೊಟ್ಟೆ. ಕೈ ತೊಳೆಯುವಾಗ ನೋಡಿದೆ, ಎರಡು ಕೈಯ ಬೆರಳೂ ಕಂದು ಬಣ್ಣ, ಉಗುರ ಸಂದಿಯಲ್ಲಿ ಅಂಟು. ಹೋದ ಸಲ ಗ್ರೀಸು ಅಂದುಕೊಂಡಿದ್ದೆ. ಗ್ರೀಸಿಗೆ ಹುಳಿ ವಾಸನೆ ಎಲ್ಲಿಂದ ಬರಬೇಕು? ಹುಣಸೆಹಣ್ಣು.

"ಇದೇನ್ರೀ ಕೈ?" ಅಂದೆ.

"ಏನೋ ಅಂಟ್ಕಂಡೈತೆ ಬಿಡು" ಅಂದರು. ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 8, ಬುಧವಾರ

ಹೊನ್ನಯ್ಯನನ್ನು ಕರೆದು ಕಾಫಿ ಕೊಟ್ಟೆ. ವಯಸ್ಸಾದವನು, ಸುಳ್ಳು ಹೇಳಲು ಬರುವುದಿಲ್ಲ, ಲೋಟವನ್ನು ತಿರುಗಿಸುತ್ತಾ ಕೂತ.

"ನಾನು ಚೀಟಿ ಹಿಡ್ಕಂಡು ಸ್ಟೇಷನ್ನಿಗೆ ಬಂದ್ಬುಡ್ತೀನಿ ಕಣವ್ವ. ಅಯ್ಯನೋರು ಅಲ್ಲೇ ಏರಿ ಮ್ಯಾಲೆ ಟೀ ಅಂಗಡೀಲಿ ಕೂತಿರ್ತಾರೆ."

"ಟೀ ಅಂಗಡಿ ಯಾರದು?"

"ಯಾರೋ ಹೆಣ್ಣೆಂಗ್ಸು. ಗಂಡ ಇಲ್ಲ ಪಾಪ."

ಪಾಪವಂತೆ! ನಮ್ಮ ಮನೆಯಲ್ಲಿ ಈ ಮನುಷ್ಯ ಒಂದು ಹುರುಳಿಕಾಯಿ ನಾರು ತೆಗೆದುಕೊಟ್ಟವರಲ್ಲ. ಬೆಳ್ಳುಳ್ಳಿ ಬಿಡಿಸಿ ಅಂದರೆ ಪೇಪರ್ ಅಡ್ಡ ಹಿಡಿಯುತ್ತಾರೆ. ಅಲ್ಲಿ ಹೋಗಿ ಅವಳಿಗೆ ಹುಣಸೆಹಣ್ಣು ಬಿಡಿಸಿಕೊಡುತ್ತಾರೆ! ಹೆಂಡತಿ ಇಲ್ಲಿ ಬಲ್ಬು ನೋಡಿಕೊಂಡು ದೇವರೇ ದೇವರೇ ಅನ್ನುತ್ತಾ ಕೂತಿರಬೇಕು, ಅಲ್ಲಿ ಟೀ ಕುಡಿಯುತ್ತಾ ಬೀಜ ಬಿಡಿಸುತ್ತಾರೆ. ಇಷ್ಟು ಬರೆದರೂ ಸಿಟ್ಟು ಇಳಿಯುತ್ತಿಲ್ಲ.

ಏಪ್ರಿಲ್ 9, ಗುರುವಾರ

ಅವಳ ಹೆಸರು ರಂಗಮ್ಮ ಅಂತೆ. ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಇನ್ನು ಬರೆಯುವುದಿಲ್ಲ.

ಏಪ್ರಿಲ್ 12, ಭಾನುವಾರ

ಹೋಗಿ ನೋಡಿಕೊಂಡು ಬಂದೆ. ಸೋಮೇಶ್ವರನ ಗುಡಿಗೆ ಹೋಗುವ ನೆಪ. ಬಿಸಿಲು ಚುರುಗುಟ್ಟುತ್ತಿತ್ತು, ಕೆರೆಯಲ್ಲಿ ಒಂದು ಅಲೆಯೂ ಇರಲಿಲ್ಲ. ಒಳ್ಳೆಯ ರೇಷ್ಮೆ ಅಂಚಿನ ಸೀರೆ ಉಟ್ಟು ಹೋಗಿದ್ದೆ.

ಅಂಗಡಿ ಅಂದರೆ ಮುಂದೆ ಗರಿಯ ಚಪ್ಪರ, ಅದರಡಿ ಒಂದು ಮಣ್ಣಿನ ಒಲೆ, ಹಿಂದೆ ಒಂದು ಕೋಣೆ, ಅದಕ್ಕೆ ಗೋಣಿಯ ಪರದೆ. ಆ ಹೆಂಗಸಿಗೆ ನನ್ನಷ್ಟೇ ವಯಸ್ಸು. ಹಲ್ಲು ಸ್ವಲ್ಪ ಮುಂದೆ. ತಲೆಗೆ ಎಣ್ಣೆ ಕಂಡು ವಾರವಾಗಿರಬೇಕು. ಇಷ್ಟು ನೋಡಿ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವಳು ಮಾತಾಡಿಸುವ ರೀತಿ ಚೆನ್ನಾಗಿದೆ. ಅದೇ ಕೆಟ್ಟದ್ದು.

"ಬಿಸಿಲಲ್ಲಿ ಬಂದಿದೀರಿ ಕಣಮ್ಮ, ಕೂತ್ಕಳಿ. ನೀರ್ ಕೊಡ್ಲಾ?" ಅಂದಳು. ನಾನು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ.

ಪರದೆ ಪಕ್ಕಕ್ಕೆ ಸರಿದಿತ್ತು. ಒಳಗೆ ಹುಣಸೆಹಣ್ಣಿನ ರಾಶಿ, ಚಾಪೆ, ಕುಟ್ಟುವ ಕಲ್ಲು. ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗವನ್ನು ಗುಡಿಸಿಟ್ಟಿದ್ದಳು. ಆ ಜಾಗ ನೋಡಿದೆ. ನೀರು ಕುಡಿಯದೆ ಎದ್ದು ಬಂದೆ.

ಏಪ್ರಿಲ್ 14, ಮಂಗಳವಾರ

ಅಶ್ವಿನಿ ಮಳೆ ಹುಟ್ಟಿತು. ಬೆಳಿಗ್ಗೆ ತಣ್ಣಗಿತ್ತು, ಮಧ್ಯಾಹ್ನ ಉರಿ, ಸಂಜೆಗೆ ಕೆರೆಯ ಮೇಲೆ ಬರಿ ಮಿಂಚು, ಹನಿ ಇಲ್ಲ. ನನ್ನ ತಲೆಯೂ ಹಾಗೇ ಇದೆ.

ಸಾರಿನ ಪಾತ್ರೆಯ ಮುಚ್ಚಳ ನನ್ನ ಕೈ ಜಾರಿ ಬಿತ್ತು. ಬೀಳಿಸಿದೆ ಅಂದರೂ ಸರಿ. ಇವರು ಪೇಪರ್ ಓದುತ್ತಿದ್ದವರು ದಿಗ್ಗನೆ ಎದ್ದು ಗೋಡೆಗೆ ಒರಗಿ ನಿಂತರು. ಮುಖ ಬಿಳುಚಿಕೊಂಡಿತ್ತು.

"ಏನ್ರೀ, ಮುಚ್ಚಳಕ್ಕೆ ಹೆದರಿಬಿಟ್ರಾ? ಮುಖ್ತಾರ್ ಸಾಹೇಬ್ರ ಪಕ್ಕದಲ್ಲಿ ಇನ್ನೊಂದು ರಗ್ಗು ಹಾಸೋಕೆ ಹೇಳ್ಲಾ?" ಅಂದು ನಕ್ಕೆ.

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಎಲ್ಲಿಗೆ ಹೋಗಿರುತ್ತಾರೆ ಅಂತ ನನಗೆ ಗೊತ್ತಿಲ್ಲವೇ? ಹೋಗಲಿ.

ಏಪ್ರಿಲ್ 18, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಮೂರು ಗಂಟೆಗೇ ಕತ್ತಲಾಯಿತು. ಮೊದಲು ಗಾಳಿ ಕೆರೆಯಿಂದ ಊರಿನ ಕಡೆ ಬೀಸುತ್ತಿತ್ತು, ಇದ್ದಕ್ಕಿದ್ದಂತೆ ತಿರುಗಿ ಊರಿನಿಂದ ಕೆರೆಯ ಕಡೆ ಬೀಸಿತು. ಆಮೇಲೆ ಆಲಿಕಲ್ಲು. ಹೆಂಚಿನ ಮೇಲೆ ಬಿದ್ದ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವ ಹಾಗಿರಲಿಲ್ಲ. ಕರೆಂಟು ಹೋಯಿತು. ಮಳೆ ತಗ್ಗಿದಾಗ ಇವರು ಹೋದರು, ಗುಡುಗು ಇನ್ನೂ ನಿಂತಿರಲಿಲ್ಲ.

ಬಲ್ಬು ಹತ್ತಿತು. ಕೈ ಮುಗಿದೆ, ಬಾಗಿಲು ಹಾಕಿದೆ, ಕೊಡೆ ಹಿಡಿದು ಹೊರಟೆ. ಇವತ್ತು ಅವರಿಬ್ಬರ ಮುಖವನ್ನೂ ಒಟ್ಟಿಗೆ ನೋಡಿಯೇ ಬಿಡುತ್ತೇನೆ ಅಂತ. ದಾರಿಯುದ್ದಕ್ಕೂ ಏನು ಬೈಯಬೇಕು ಅಂತ ಮಾತು ಜೋಡಿಸಿಕೊಂಡೆ, ಒಳ್ಳೊಳ್ಳೆಯ ಮಾತುಗಳೇ ಸಿಕ್ಕಿದ್ದವು. ಏರಿಯ ಮೇಲೆ ಹರಿದ ಎಲೆ, ಮುರಿದ ರೆಂಬೆ, ಕರಗುತ್ತಿರುವ ಆಲಿಕಲ್ಲು. ಇನ್ನೂ ಬೆಳಕಿತ್ತು.

ಇವರ ಸೈಕಲ್ಲು ಚಪ್ಪರದ ಕಂಬಕ್ಕೆ ಒರಗಿತ್ತು. ಆ ಹೆಂಗಸು ಒಲೆಯ ಮುಂದೆ, ಕೆರೆಯ ಕಡೆ ಮುಖ ಮಾಡಿಕೊಂಡು, ಕೋಣೆಗೆ ಬೆನ್ನು ಹಾಕಿ ಕೂತಿದ್ದಳು. ಒಳಗಿನಿಂದ ಕಲ್ಲಿನ ಸದ್ದು. ಟಕ್, ಟಕ್. ನಾನು ನೇರ ಹೋಗಿ ಪರದೆಗೆ ಕೈ ಹಾಕಿದೆ. ಅವಳು ಎದ್ದು ಅಡ್ಡ ನಿಂತಳು.

"ಈಗ್ಲೇ ಬ್ಯಾಡ ಕಣಮ್ಮ. ವಸಿ ತಡೀರಿ."

"ನನ್ನ ಗಂಡನ್ನ ನೋಡೋಕೆ ನಿನ್ನ ಅಪ್ಪಣೆ ಬೇಕೇನೇ?"

ಅವಳು ನನ್ನ ಮುಖವನ್ನು ನೋಡಿ ದನಿ ತಗ್ಗಿಸಿದಳು. "ಓ, ನೀವೇಯಾ? ಕೂಗ್ಬ್ಯಾಡಿ, ಒಳೀಕೆ ಕೇಳಿಸ್ತದೆ. ಕೈ ನಿಂತ್ ಮ್ಯಾಕೆ ಅವ್ರೇ ಎದ್ದು ಬತ್ತಾರೆ."

"ಕೈ ನಿಲ್ಲೋದು ಅಂದ್ರೆ?"

"ನಡುಗ್ತವೆ. ಕಂಬ ಇಳಿದ್ ಮ್ಯಾಕೆ. ಮೊದ್ಲು ಒಂದಿನ ಟೀ ಕೊಟ್ಟೆ, ಎಲ್ಲಾ ಮೈ ಮ್ಯಾಕೆ ಚೆಲ್ಕಂಡ್ರು. ಅದ್ಕೇ ಹುಣಸೇಹಣ್ಣು ಮುಂದಿಟ್ಟು ಕೂರಿಸ್ದೆ. ಕುಟ್ತಾ ಇದ್ರೆ ನಡುಗೋದು ಕಾಣಾಕಿಲ್ಲ. ನಾನೂ ಆ ಕಡೀಕೆ ತಿರುಗಿ ನೋಡಾಕಿಲ್ಲ."

"ಸುಳ್ಳು. ನಮ್ಮವರಿಗೆ ಭಯ ಅಂದ್ರೇನು ಅಂತ ಗೊತ್ತಿಲ್ಲ. ಕರೆಂಟು ತೆಗೆಸಿಯೇ ಕಂಬ ಹತ್ತೋದು, ಭಯ ಯಾಕೆ?"

"ಸ್ಟೇಸನ್ನೋರು ಕರೆಂಟು ತೆಗೀತಾರೆ, ಮ್ಯಾಲಿರೋದನ್ನ ಯಾರ್ ತೆಗೀತಾರೆ ರಂಗಮ್ಮ ಅಂತಾರೆ. ಹೋದ್ ವರ್ಸ ಇವ್ರು ಮ್ಯಾಲಿದ್ದಾಗ ಪಕ್ಕದ್ ಕಂಬಕ್ಕೇ ಸಿಡ್ಲು ಹೊಡೀತಲ್ಲ. ನಿಮ್ಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಊರಿನ ಟೀ ಅಂಗಡಿಯವಳಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ.

"ಮತ್ತೆ ಮನೆಗ್ಯಾಕೆ ಬರಲ್ಲ? ಮನೇಲಿ ಹುಣಸೆಹಣ್ಣು ಇಲ್ವಾ?"

ಅವಳು ಒಲೆಗೆ ಒಂದು ಸೌದೆ ತಳ್ಳಿದಳು. ಆಮೇಲೆ ಹೇಳಿದಳು, "ಹಿಂಗೇ ಹೋದ್ರೆ ನಮ್ಮೋಳು ನಗ್ತಾಳೆ ಅಂತಾರೆ."

ಒಳಗೆ ಕಲ್ಲಿನ ಸದ್ದು ನಡೆದೇ ಇತ್ತು. ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಪರದೆ ಎತ್ತಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಬಂದೆ.

ಅವಳು ಇವರ ಕೈ ಹಿಡಿದುಕೊಂಡು ಕೂತಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆಗ ಜಡೆ ಹಿಡಿದು ಎಳೆದು, ಊರಿಗೆಲ್ಲ ಸಾರಿ, ಅತ್ತು ಮುಗಿಸುತ್ತಿದ್ದೆ. ಈಗ ಏನಂತ ಅಳಲಿ? ನನ್ನ ಗಂಡನ ನಡುಕವನ್ನು ಅವಳು ಇಟ್ಟುಕೊಂಡಿದ್ದಾಳೆ. ನನಗೆ ಬರಿ ಬೆಲ್ಟು ಕಟ್ಟಿದ ಲೈನ್‌ಮ್ಯಾನನ್ನು ಕಳಿಸುತ್ತಾಳೆ.

ಏಪ್ರಿಲ್ 19, ಭಾನುವಾರ

ನಿಟ್ಟೂರಿಗೆ ಹೊರಟಿದ್ದೇನೆ. ಇವರು "ಯಾವಾಗ ಬರ್ತೀಯಾ?" ಅಂದರು. "ನೋಡೋಣ" ಅಂದೆ. ಬರಬೇಕೋ ಬೇಡವೋ ಅದನ್ನೂ ಅಲ್ಲೇ ನೋಡುತ್ತೇನೆ.

ಏಪ್ರಿಲ್ 22, ಬುಧವಾರ, ನಿಟ್ಟೂರು

ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಗುಬ್ಬಿಯ ಮೇಲೆ ಬರುವಷ್ಟರಲ್ಲಿ ಮೈಯೆಲ್ಲ ಧೂಳು. ನಮ್ಮಮ್ಮ ರೇವಮ್ಮನಿಗೆ ಬಾಗಿಲಲ್ಲೇ ಗೊತ್ತಾಯಿತು ಅಂತ ಕಾಣುತ್ತದೆ. ಕೇಳಲಿಲ್ಲ. ಮಗಳಿಗಂತೂ ಕುಣಿಗಲ್ಲಿನ ನೆನಪೇ ಇಲ್ಲ, ಕೋಳಿ ಓಡಿಸಿಕೊಂಡಿದ್ದಾಳೆ.

ಇವತ್ತು ಸಂಜೆ ಇಲ್ಲೂ ಗುಡುಗು. ಕರೆಂಟು ಹೋಯಿತು. ಅಮ್ಮ ಬುಡ್ಡಿ ಹಚ್ಚಿ, ಸ್ವಿಚ್ಚು ಆರಿಸಲು ಹೋದಳು. "ಆರಿಸ್ಬೇಡಮ್ಮ!" ಅಂತ ಕೂಗಿಬಿಟ್ಟೆ. ಅಮ್ಮ ಬೆಚ್ಚಿಬಿದ್ದಳು.

ಮಳೆ ನಿಂತ ಮೇಲೆ ಬಲ್ಬು ಹತ್ತಿತು. ಎದ್ದು ಕೈ ಮುಗಿದೆ. ಮುಗಿದ ಮೇಲೆ ಹೊಳೆಯಿತು, ಇದು ನಿಟ್ಟೂರಿನ ಲೈನು. ಇಲ್ಲಿ ಯಾವನೋ ಕಂಬದಿಂದ ಇಳಿದಿದ್ದಾನೆ, ಯಾವಳೋ ಉಸಿರು ಬಿಟ್ಟಿದ್ದಾಳೆ. ಕೆರೆ ಏರಿಯ ಮೇಲೆ ಈಗ ಮಳೆಯೋ ಬಿಸಿಲೋ, ಇವರು ಮೇಲಿದ್ದಾರೋ ಕೆಳಗಿದ್ದಾರೋ, ಈ ಬಲ್ಬು ನನಗೆ ಏನೂ ಹೇಳುವುದಿಲ್ಲ. ಇವರು ಇಳಿದರು ಅಂತ ಇವತ್ತು ಗೊತ್ತಿರುವವಳು ರಂಗಮ್ಮ ಒಬ್ಬಳೇ.

ಅಮ್ಮ ದೀಪದ ಕೆಳಗೆ ಹುಣಸೆಹಣ್ಣು ಹರವಿಕೊಂಡು ಕುಟ್ಟಲು ಕೂತಳು. ನಮ್ಮ ಹಿತ್ತಿಲ ಮರದ್ದು. "ಎಲ್ಲಾ ಬಿಡಿಸ್ಬೇಡ, ಬೀಜ ಇರೋದೇ ಒಂದಷ್ಟು ನಂಗೆ ಕಟ್ಟಿಕೊಡು" ಅಂದೆ.

"ಬಿಡಿಸಿದ್ದೇ ತಗೊಂಡು ಹೋಗೇ. ಅಲ್ಲಿ ಯಾರು ಕುಟ್ಟಿಕೊಡ್ತಾರೆ ನಿಂಗೆ?" ಅಂದಳು ಅಮ್ಮ.

ಏಪ್ರಿಲ್ 26, ಭಾನುವಾರ

ಬಂದೆ. ಮಗಳು ಸ್ಕೂಲು ತೆರೆಯುವವರೆಗೆ ಅಜ್ಜಿಯ ಹತ್ತಿರವೇ ಇರುತ್ತಾಳೆ. ಇವರು ಬಸ್ ಸ್ಟ್ಯಾಂಡಿಗೆ ಬಂದಿರಲಿಲ್ಲ, ಬರುವ ದಿನ ಹೇಳಿದ್ದರಲ್ಲವೇ ಬರುವುದು. ಮನೆಯಲ್ಲಿ ಕಸ ಗುಡಿಸಿದ್ದರು, ಮೂಲೆಗಳನ್ನು ಬಿಟ್ಟು. ಊಟ ರಹಿಮಾ ಬೀ ಕೊಟ್ಟಳಂತೆ. ಟೀ ಯಾರು ಕೊಟ್ಟರು ಅಂತ ಕೇಳಬೇಕೆನ್ನಿಸಿತು, ನಾಲಿಗೆ ಕಚ್ಚಿಕೊಂಡೆ.

ಬಚ್ಚಲಿಗೆ ನೀರು ಕಾಯಿಸಿ ಕೊಟ್ಟರು. ಹುಣಸೆಹಣ್ಣಿನ ಮಂಕರಿ ನೋಡಿ, "ಇಷ್ಟೊಂದು ಯಾಕೆ?" ಅಂದರು. "ಬೇಕಾಗುತ್ತೆ" ಅಂದೆ.

ಏಪ್ರಿಲ್ 29, ಬುಧವಾರ

ಭರಣಿ ಮಳೆ. ಬೆಳಿಗ್ಗೆಯಿಂದ ಗಾಳಿ ಇಲ್ಲ, ಎಲೆ ಅಲ್ಲಾಡಲಿಲ್ಲ. ಮಧ್ಯಾಹ್ನ ಕೆರೆಯ ಆಚೆಯಿಂದ ಮೋಡ ಬಂತು, ಹಿಂದೆಯೇ ಇನ್ನೊಂದು. ಮೊದಲನೆಯದು ಬರಿ ಸದ್ದು ಮಾಡಿ ಹೋಯಿತು, ಎರಡನೆಯದು ಸುರಿಯಿತು. ಸಿಡಿಲು ಎಷ್ಟು ಹತ್ತಿರ ಅಂದರೆ ಮಿಂಚು ಗುಡುಗು ಒಟ್ಟಿಗೇ. ಕರೆಂಟು ಹೋಯಿತು. ರಹಿಮಾ ಬೀ ಓಡಿಬಂದು, "ನಮ್ಮ ಸಾಹೇಬ್ರು..." ಅಂತ ಶುರು ಮಾಡಿದಳು. "ಮಲಗಿರ್ಲಿ ಬಿಡಿ, ಪಾಪ, ಅವರಿಗೆ ಆಗಲ್ಲ ಅಂದ್ರೆ ಆಗಲ್ಲ" ಅಂದೆ. ಅವಳು ನನ್ನನ್ನು ಒಂಥರಾ ನೋಡಿಕೊಂಡು ಹೋದಳು. ನಗುವುದಕ್ಕೆ ನನಗೆ ಹೊತ್ತೂ ಇರಲಿಲ್ಲ.

ಇವರು ಬೆಲ್ಟು ಕಟ್ಟಿಕೊಳ್ಳುತ್ತಿದ್ದರು. ಬಕಲ್ಲು ಸೇರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಏನೋ ಹುಡುಕುವವಳ ಹಾಗೆ ನಿಂತೆ. ಸೇರಿದ ಸದ್ದು ಕೇಳಿದ ಮೇಲೆ ಹೇಳಿದೆ.

"ರೀ, ಕಂಬ ಇಳಿದ ಕೂಡ್ಲೇ ಮನೆಗೆ ಬನ್ನಿ. ಹುಣಸೆಹಣ್ಣು ಬೀಜ ಬಿಡಿಸ್ಬೇಕು. ನನಗೆ ಕೈ ನೋವು."

ಹೊನ್ನಯ್ಯ ಹೊರಗಿನಿಂದ ಬೆಲ್ ಮಾಡಿದ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೋದರು.

ನಡುಮನೆಯಲ್ಲಿ ಚಾಪೆ ಹಾಸಿದೆ. ಮಂಕರಿ ಇಟ್ಟೆ, ಒರಳ ಪಕ್ಕದ ಗುಂಡುಕಲ್ಲು ತೊಳೆದು ಇಟ್ಟೆ. ಒಬ್ಬರು ಕೂರುವಷ್ಟು ಜಾಗ ಗುಡಿಸಿದೆ. ಆಮೇಲೆ ಕಾದೆ. ಇವತ್ತು ಭಯ ಎರಡು. ಮೊದಲನೆಯದು ಹಳೆಯದು. ಇನ್ನೊಂದು, ಇಳಿದ ಮೇಲೆ ಸೈಕಲ್ಲು ಯಾವ ಕಡೆಗೆ ತಿರುಗುತ್ತದೆ ಅಂತ. ಅಲ್ಲಿ ಒಲೆ ಉರಿಯುತ್ತಿರುತ್ತದೆ. ಅಲ್ಲಿ ಅಭ್ಯಾಸವಾಗಿದೆ. ನಗುವವರಿಲ್ಲ.

ಬಲ್ಬು ಹತ್ತಿತು. ಕೈ ಮುಗಿದೆ. ಆಮೇಲೆ ಹೋಗಿ ಸ್ವಿಚ್ಚು ಆರಿಸಿದೆ. ಈ ಮನೆಗೆ ಬಂದಾಗಿನಿಂದ ಮಳೆ ಬಂದ ದಿನ ಆ ಸ್ವಿಚ್ಚು ಆರಿಸಿದ್ದು ಇದೇ ಮೊದಲು. ಊರಿಗೆಲ್ಲ ಬೆಳಕಾಗಿತ್ತು, ನಮ್ಮ ಮನೆ ಮಾತ್ರ ಕತ್ತಲು. ಅಡುಗೆಮನೆಯ ಹೊಸ್ತಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತೆ.

ಸೈಕಲ್ಲು ನಿಲ್ಲಿಸಿದ ಸದ್ದು ಬಂತು. ಸ್ಟ್ಯಾಂಡು ಹಾಕಲು ಎರಡು ಮೂರು ಸಲ ಒದ್ದರು. ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಕರೆಂಟು ಬಂದೈತಲ್ಲ. ಯಾಕೇ ಕತ್ತಲಲ್ಲಿ ಕೂತಿದೀಯ?"

"ದೀಪ ಹಾಕಿದ್ರೆ ಮಳೆಹುಳ ಮುತ್ಕೊಳ್ತವೆ. ಚಾಪೆ ಮುಂದೇನೇ ಇದೆ, ಕೂತ್ಕೊಳ್ಳಿ."

ಕೂತರು. ಉಸಿರು ಕೇಳುತ್ತಿತ್ತು. ಗುಂಡುಕಲ್ಲು ನೆಲಕ್ಕೆ ತಾಗಿ ಗಡಗಡ ಅಂತು, ನಿಂತಿತು. ಆಮೇಲೆ ಟಕ್. ಸ್ವಲ್ಪ ಬಿಟ್ಟು ಟಕ್, ಟಕ್. ನಾನು ತಿರುಗಿ ನೋಡಲಿಲ್ಲ. ನೋಡಬೇಕು ಅಂತ ಎಷ್ಟು ಆಸೆಯಾಯಿತೆಂದರೆ ಹೊಸ್ತಿಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ.

ತುಂಬಾ ಹೊತ್ತಾದ ಮೇಲೆ, "ನಿಂಗೆ ನಗು ಬರ್ತಿಲ್ವಾ?" ಅಂದರು.

"ಹುಣಸೆಹಣ್ಣು ಬಿಡಿಸೋದ್ರಲ್ಲಿ ನಗೋಕೇನಿದೆ?" ಅಂದೆ.

ಟಕ್, ಟಕ್. ಒಂದೇ ಸಮನೆ ಬೀಳತೊಡಗಿತು. ಅನ್ನಕ್ಕಿಡಲು ಎದ್ದೆ.

ಏಪ್ರಿಲ್ 30, ಗುರುವಾರ

ಬೆಳಿಗ್ಗೆ ಹೊಳೆಯುವ ಬಿಸಿಲು, ಕೆರೆ ತೊಳೆದಿಟ್ಟ ಹಾಗಿದೆ. ಇವರು ಬಿಡಿಸಿದ ಹಣ್ಣನ್ನು ಮೊರದಲ್ಲಿ ಹಾಕಿಕೊಂಡು ನೋಡಿದೆ. ಅರ್ಧಕ್ಕರ್ಧ ಬೀಜ ಹಾಗೇ ಉಳಿದಿವೆ, ನಾರೂ ತೆಗೆದಿಲ್ಲ. ಕೂತು ಎಲ್ಲವನ್ನೂ ಮತ್ತೆ ಬಿಡಿಸಿದೆ. ರಂಗಮ್ಮನ ಹಣ್ಣನ್ನೂ ಹೀಗೇ ಬಿಡಿಸುತ್ತಿದ್ದರೋ, ಇಲ್ಲ ಅವಳಿಗೆ ಚೆನ್ನಾಗಿ ಬಿಡಿಸಿಕೊಟ್ಟಿದ್ದರೋ? ಒಂದು ದಿನ ಹೋಗಿ ಅವಳನ್ನೇ ಕೇಳಬೇಕು.